‘ಇಲ್ಲ’ ಎಂಬುದರ ಆಯುಷ್ಯ

ಮುಲುಂಡ್ ಪಶ್ಚಿಮದಲ್ಲಿ ಸ್ಟೇಶನ್ನಿನಿಂದ ಹೊರಬಿದ್ದು, ಸಂಜೆ ನಾಲ್ಕರ ಸುಮಾರಿಗೆ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಕೂತು ‘ಗೋಳಿಬಜೆ ಉಂಟಾ’ ಎಂದು ಕೇಳಿ ನೋಡಿ. ‘ಖಾಲಿ’ ಎನ್ನುತ್ತಾನೆ ಮಾಣಿ. ಹಾಗೆನ್ನುವಾಗ ಅವನು ಒಳಗೆ ತಿರುಗಿಯೂ ನೋಡುವುದಿಲ್ಲ. ಹತ್ತು ನಿಮಿಷದ ಹಿಂದೆ ಬೇರೆ ಮೇಜಿನವರು ಕೇಳಿದಾಗ ಅಡುಗೆಮನೆಗೆ ಹೋಗಿ ಭಟ್ಟರನ್ನು ವಿಚಾರಿಸಿ ಬಂದಿದ್ದಾನೆ. ಆಗ ಸಿಕ್ಕ ಉತ್ತರವನ್ನೇ ಈಗ ನಿಮಗೂ ಕೊಟ್ಟಿದ್ದಾನೆ. ಅಷ್ಟರಲ್ಲಿ ಭಟ್ಟರು ಇನ್ನೊಂದು ಒಬ್ಬೆ ಎಣ್ಣೆಗೆ ಬಿಟ್ಟಿರಬಹುದು, ಬಿಡದೆಯೂ ಇರಬಹುದು. ಮಾಣಿ ಸುಳ್ಳು ಹೇಳಲಿಲ್ಲ. ಹತ್ತು ನಿಮಿಷದ ಹಿಂದೆ ಅದು ನಿಜವೇ ಆಗಿತ್ತು.

ಪ್ರತಿ ಗಿರಾಕಿಗೂ ಒಳಗೆ ಹೋಗಿ ಕೇಳಿ ಬರಲು ಹೊರಟರೆ ಭಟ್ಟರು ಬಾಣಲೆ ಬಿಟ್ಟು ಉತ್ತರ ಕೊಡುತ್ತಲೇ ನಿಲ್ಲಬೇಕಾಗುತ್ತದೆ, ಬಜೆ ಆಗುವುದೇ ಇಲ್ಲ. ಒಮ್ಮೆ ಕೇಳಿದ್ದನ್ನೇ ಸಂಜೆಯವರೆಗೂ ಹೇಳುತ್ತಿದ್ದರೆ ಬಜೆ ತಟ್ಟೆಯಲ್ಲೇ ತಣ್ಣಗಾಗುತ್ತದೆ, ಗಿರಾಕಿ ಪಕ್ಕದ ಅಂಗಡಿಯ ವಡಾಪಾವಿಗೆ ಹೋಗುತ್ತಾನೆ. ಹಾಗಾದರೆ ಒಂದು ‘ಖಾಲಿ’ಯನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು? ಇಂಟರ್ನೆಟ್ಟನ್ನು ಕಟ್ಟಿದವರು ಸುಮಾರು ನಲವತ್ತು ವರ್ಷಗಳಿಂದ ಈ ಪ್ರಶ್ನೆಗೆ ಉತ್ತರ ಬರೆಯುತ್ತ, ಅಳಿಸುತ್ತ, ಮತ್ತೆ ಬರೆಯುತ್ತ ಬಂದಿದ್ದಾರೆ.

ಒಮ್ಮೆ ತಂದ ಉತ್ತರವನ್ನು ಹತ್ತಿರದಲ್ಲೇ ಇಟ್ಟುಕೊಂಡು ಮತ್ತೆ ಕೇಳಿದವರಿಗೆ ಅದನ್ನೇ ಕೊಡುವ ಏರ್ಪಾಡಿಗೆ ಕ್ಯಾಶ್ ಎನ್ನುತ್ತಾರೆ. ಹೋಟೆಲಿನ ಗಲ್ಲೆಯ ಮೇಲಿರುವ ಕ್ಯಾಶ್ ಬೇರೆ, ಇದು ಬೇರೆ. ಕನ್ನಡ ಲಿಪಿಗೆ ಬಂದ ಮೇಲೆ ಎರಡೂ ಒಂದೇ ರೂಪ ತಾಳಿರುವುದು ಅನುವಾದಕರಿಗೆ ದಿನನಿತ್ಯದ ಪೀಕಲಾಟ. ಈ ಕ್ಯಾಶ್ ಹುಟ್ಟಿದ್ದು ‘ಬಚ್ಚಿಡು’ ಎಂಬರ್ಥದ ಫ್ರೆಂಚ್ ಕ್ರಿಯಾಪದದಿಂದ. ಕಂಪ್ಯೂಟರಿನ ಲೋಕದಲ್ಲಿ ಅದು ರೂಢಿಗೆ ಬಂದದ್ದು 1960ರ ದಶಕದ ಕೊನೆಯಲ್ಲಿ, ಐಬಿಎಮ್ ಕಂಪನಿಯವರ ಬರಹಗಳ ಮೂಲಕ. ಇರುವ ವಸ್ತುವನ್ನು ಬಚ್ಚಿಡುವುದು ಯಾರಿಗಾದರೂ ಅರ್ಥವಾಗುತ್ತದೆ. ಇಲ್ಲದ್ದನ್ನು ಬಚ್ಚಿಡುವುದು, ಅಂದರೆ ‘ಇಲ್ಲ’ ಎಂಬ ಉತ್ತರವನ್ನೇ ಸರಕಿನಂತೆ ಜೋಡಿಸಿಡುವುದು, ಹೊಳೆಯಲು ಸ್ವಲ್ಪ ಕಾಲ ಹಿಡಿಯಿತು.

ಇಲ್ಲಗಳಲ್ಲಿ ಬಗೆಗಳಿವೆ ಎಂಬುದು ಮುಲುಂಡಿನವರಿಗೆ ಇಂಟರ್ನೆಟ್ ಬರುವ ಮೊದಲೇ ಗೊತ್ತಿತ್ತು. ಊರಿಗೆ ಫೋನು ಮಾಡಲು ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಂತವರಿಗೆ ಎರಡು ಬಗೆಯ ಮುದ್ರಿತ ದನಿಗಳು ಕೇಳಿಬರುತ್ತಿದ್ದವು. ಒಂದು, ಈ ಮಾರ್ಗದ ಎಲ್ಲ ಲೈನುಗಳೂ ವ್ಯಸ್ತವಾಗಿವೆ ಎನ್ನುವುದು. ಇನ್ನೊಂದು, ನೀವು ಡಯಲ್ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎನ್ನುವುದು. ಮೊದಲನೆಯದನ್ನು ಕೇಳಿದವರು ಬೂತಿನ ಹೊರಗೆ ನಿಂತು ಒಂದು ಚಹಾ ಕುಡಿದು ಮತ್ತೆ ಸಾಲಿಗೆ ಸೇರುತ್ತಿದ್ದರು. ಎರಡನೆಯದನ್ನು ಕೇಳಿದವರು ಚೀಟಿ ತೆಗೆದು ನಂಬರು ಸರಿಯಿದೆಯೇ ಎಂದು ನೋಡುತ್ತಿದ್ದರು. ಊರಿನಲ್ಲಿ ನಂಬರು ಬದಲಾಗಿದೆಯೋ ಏನೋ ಎಂದು ಕಾಗದ ಬರೆಯುತ್ತಿದ್ದರು. ಒಂದು ಇಲ್ಲದ ಆಯುಷ್ಯ ಐದು ನಿಮಿಷ, ಇನ್ನೊಂದರದು ಕಾಗದಕ್ಕೆ ಉತ್ತರ ಬರುವವರೆಗೆ. ಯಂತ್ರಗಳಿಗೆ ಈ ವಿವೇಕವನ್ನು ಅಕ್ಷರದಲ್ಲಿ ಬರೆದು ಕೊಡಬೇಕಾಯಿತು.

ಬರೆಯುವ ಕೆಲಸ ಮೊದಲು ನಡೆದದ್ದು ಹೆಸರುಗಳ ವಿಷಯದಲ್ಲಿ. ಜಾಲತಾಣದ ಹೆಸರು ಕೊಟ್ಟರೆ ಅದರ ಅಂಕಿಯ ವಿಳಾಸವನ್ನು ಹುಡುಕಿಕೊಡುವ ಡಿಎನ್‌ಎಸ್ ಎಂಬ ವ್ಯವಸ್ಥೆಯನ್ನು ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದರು. 1987ರಲ್ಲಿ ಅದರ ನಿಯಮಗಳು ಇಂದಿಗೂ ಬಳಕೆಯಲ್ಲಿರುವ ರೂಪಕ್ಕೆ ಬಂದವು. ಇಲ್ಲದ ಹೆಸರನ್ನು ಯಾರಾದರೂ ಕೇಳಿದರೆ ‘ಇಲ್ಲ’ ಎಂಬ ಉತ್ತರವನ್ನು ನೆನಪಿಟ್ಟುಕೊಳ್ಳಬಹುದು ಎಂದು ಅಲ್ಲಿತ್ತು. ‘ಬಹುದು’ ಅಷ್ಟೆ, ಕಡ್ಡಾಯವಲ್ಲ. ಆಗ ಜಾಲಕ್ಕೆ ಸೇರಿದ ಕಂಪ್ಯೂಟರುಗಳು ಕಡಿಮೆ. ಹೆಸರು ತಪ್ಪಾಗಿ ಟೈಪು ಮಾಡುವವರೂ ಕಡಿಮೆ.

ಹತ್ತು ವರ್ಷಗಳಲ್ಲಿ ಲೆಕ್ಕ ತಲೆಕೆಳಗಾಯಿತು. ತಪ್ಪು ಹೆಸರುಗಳ, ತಪ್ಪಾಗಿ ಹೊಂದಿಸಿದ ಯಂತ್ರಗಳ ಪ್ರಶ್ನೆಗಳು ಮೂಲ ಸರ್ವರುಗಳ ಬಾಗಿಲನ್ನು ಒಂದೇ ಸಮನೆ ಬಡಿಯತೊಡಗಿದವು. 1998ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ಮಾರ್ಕ್ ಆಂಡ್ರ್ಯೂಸ್ ಬರೆದ ಆರ್‌ಎಫ್‌ಸಿ 2308 ಹೊರಬಂತು. ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ ದಸ್ತಾವೇಜು. ‘ಬಹುದು’ ಇದ್ದಲ್ಲಿ ಅದು ‘ಬೇಕು’ ಎಂದು ತಿದ್ದಿತು. ಉತ್ತರಗಳನ್ನು ನೆನಪಿಟ್ಟುಕೊಳ್ಳುವ ಯಂತ್ರ ಇನ್ನು ಮುಂದೆ ‘ಇಲ್ಲ’ಗಳನ್ನೂ ನೆನಪಿಟ್ಟುಕೊಳ್ಳಲೇಬೇಕು.

ಈ ದಸ್ತಾವೇಜು ಒಣ ತಾಂತ್ರಿಕ ಭಾಷೆಯಲ್ಲಿದ್ದರೂ ಅದರ ಒಳಗೆ ಒಂದು ಸೂಕ್ಷ್ಮ ನ್ಯಾಯವಿದೆ. ಇಲ್ಲ ಎನ್ನುವವನಿಗೆ ಹಾಗೆನ್ನುವ ಅಧಿಕಾರ ಇರಬೇಕು, ಮತ್ತು ಆ ಅಧಿಕಾರದ ಪತ್ರವನ್ನು ಉತ್ತರದ ಜೊತೆಗೇ ಕಳಿಸಬೇಕು ಎಂದು ಅದು ಹೇಳುತ್ತದೆ. ಒಂದು ಹೆಸರಿನ ವಲಯಕ್ಕೆ ಯಾರು ಒಡೆಯರು ಎಂದು ಹೇಳುವ ದಾಖಲೆಯೊಂದು ಡಿಎನ್‌ಎಸ್‌ನಲ್ಲಿದೆ. ಆ ‘ಇಲ್ಲ’ ಎಷ್ಟು ಸೆಕೆಂಡು ಬದುಕಬೇಕೆಂಬ ಅಂಕಿಯೂ ಅದೇ ದಾಖಲೆಯಲ್ಲಿರುತ್ತದೆ. ಅದು ಜೊತೆಗೆ ಬಾರದ ‘ಇಲ್ಲ’ವನ್ನು ನೆನಪಿಟ್ಟುಕೊಳ್ಳಬಾರದು. ಒಂದರಿಂದ ಮೂರು ಗಂಟೆಯ ಆಯುಷ್ಯ ಚೆನ್ನಾಗಿ ಒದಗಿಬಂದಿದೆ, ಒಂದು ದಿನ ಮೀರಿದರೆ ತೊಂದರೆ ಕಂಡುಬಂದಿದೆ ಎಂದೂ ಆಂಡ್ರ್ಯೂಸ್ ಬರೆದರು. ಹೊಸ ತಾಣದ ಹೆಸರು ನೋಂದಾಯಿಸುವ ಮೊದಲೇ ಆತುರಕ್ಕೆ ಬಿದ್ದು ಅದನ್ನು ತೆರೆದು ನೋಡಿದವರು, ನೋಂದಣಿಯಾದ ಮೇಲೂ ಗಂಟೆಗಟ್ಟಲೆ ‘ಅಂಥ ತಾಣವಿಲ್ಲ’ ಎಂದು ನೋಡುತ್ತ ಕೂರುವುದು ಇದೇ ಕಾರಣಕ್ಕೆ.

ಇನ್ನೊಂದು ಬಗೆಯ ಸೋಲಿನ ವಿಷಯದಲ್ಲಿ ಮಾತ್ರ ಆ ದಸ್ತಾವೇಜು ಕೈ ಸಡಿಲ ಬಿಟ್ಟಿತು. ಹೆಸರು ಇಲ್ಲ ಎಂದು ಒಡೆಯನೇ ಹೇಳುವುದು ಒಂದು, ಒಡೆಯನ ಮನೆಯ ಬಾಗಿಲು ಬಡಿದರೂ ಯಾರೂ ಓಗೊಡದಿರುವುದು ಇನ್ನೊಂದು. ಎರಡನೆಯದನ್ನು ಬೇಕಾದರೆ ನೆನಪಿಟ್ಟುಕೊಳ್ಳಬಹುದು, ಆದರೆ ಐದು ನಿಮಿಷ ಮೀರಬಾರದು ಎಂದಷ್ಟೇ ಬರೆಯಲಾಯಿತು. ಈ ಸಡಿಲಿಕೆಯ ಲೆಕ್ಕ ಚುಕ್ತಾ ಆಗಲು ಇಪ್ಪತ್ತೈದು ವರ್ಷ ಹಿಡಿಯಿತು. ಅದು ಆಮೇಲಿನ ಕತೆ.

ಮುಂಬಯಿಯಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮೊಡೆಮ್ಮಿನ ಕಿರುಚಾಟ, ನಡುವೆ ಕತ್ತರಿಸಿ ಹೋಗುವ ಲೈನು, ದೇಶದ ಹೊರಗೆ ಹೋಗಲು ಎಲ್ಲರಿಗೂ ಸೇರಿ ಒಂದು ಸಪೂರ ದಾರಿ. ಇಂಥ ಕಡೆಗಳಲ್ಲಿ ಕ್ಯಾಶ್ ಎಂದರೆ ಬರಗಾಲದ ಕಣಜ. 1990ರ ದಶಕದ ನಡುವೆ ಅಮೆರಿಕದ ಹಾರ್ವೆಸ್ಟ್ ಎಂಬ ಸಂಶೋಧನಾ ಯೋಜನೆಯಿಂದ ಕವಲೊಡೆದ ಸ್ಕ್ವಿಡ್ ಎಂಬ ಮುಕ್ತ ತಂತ್ರಾಂಶವನ್ನು ಡ್ವೇನ್ ವೆಸೆಲ್ಸ್ ಎಂಬುವರು 1996ರಿಂದ ಬೆಳೆಸಿದರು. ನಮ್ಮ ಕಾಲೇಜು ಲ್ಯಾಬುಗಳು, ಸೈಬರ್ ಕೆಫೆಗಳು, ಸಣ್ಣಪುಟ್ಟ ಕಚೇರಿಗಳೆಲ್ಲ ಒಂದೇ ಸಂಪರ್ಕವನ್ನು ಹತ್ತಾರು ಕಂಪ್ಯೂಟರಿಗೆ ಹಂಚಲು ಸ್ಕ್ವಿಡ್ಡನ್ನೇ ನೆಚ್ಚಿಕೊಂಡಿದ್ದವು. ಕೇಳಿದ ಪುಟವನ್ನು ತರಲಾಗಲಿಲ್ಲ ಎಂಬ ಅದರ ಬಿಳಿಯ ಪುಟವನ್ನು ಆ ಕಾಲದಲ್ಲಿ ಓದಿಕೊಂಡವರಾರೂ ಮರೆತಿರಲಾರರು.

ಸ್ಕ್ವಿಡ್ಡಿನ ಸಂರಚನಾ ಕಡತದಲ್ಲಿ ‘ಇಲ್ಲ’ಗಳ ಆಯುಷ್ಯಕ್ಕೆಂದೇ ಒಂದು ಸಾಲಿತ್ತು. ಯಾರೂ ಮುಟ್ಟದಿದ್ದರೆ ಅದರ ಬೆಲೆ ಐದು ನಿಮಿಷ. ದೂರದ ಸರ್ವರು ಒಮ್ಮೆ ಮುಗ್ಗರಿಸಿದರೆ ಮುಂದಿನ ಐದು ನಿಮಿಷ ಲ್ಯಾಬಿನಲ್ಲಿ ಯಾರು ಆ ಪುಟ ಕೇಳಿದರೂ ಸ್ಕ್ವಿಡ್ ಹೊರಗೆ ಹೋಗದೆ ಅದೇ ಸೋಲನ್ನು ಒಪ್ಪಿಸುತ್ತಿತ್ತು. ದಾರಿ ಸಪೂರವಾಗಿದ್ದಾಗ ಅದು ಉಪಕಾರವೇ. ಮುಂದೆ ದಾರಿ ಅಗಲವಾದಂತೆ ಅದೇ ಕಿರುಕುಳವೆನಿಸಿತು. ನಂತರದ ಆವೃತ್ತಿಗಳಲ್ಲಿ ಆ ಬೆಲೆಯನ್ನು ಸೊನ್ನೆಗೆ ಇಳಿಸಿದರು. ಇದನ್ನು ಹೆಚ್ಚಿಸಿದರೆ ಎಚ್‌ಟಿಟಿಪಿ ನಿಯಮದ ಉಲ್ಲಂಘನೆಯಾಗುತ್ತದೆ, ಪರಿಣಾಮಕ್ಕೆ ನೀವೇ ಹೊಣೆಯಾಗಬೇಕಾದೀತು ಎಂಬ ಎಚ್ಚರಿಕೆಯನ್ನೂ ಪಕ್ಕದಲ್ಲಿ ಬರೆದರು. ತಂತ್ರಾಂಶದ ಕೈಪಿಡಿಯಲ್ಲಿ ವಕೀಲರ ನೋಟಿಸಿನ ಧಾಟಿ ಕಾಣಿಸುವುದು ಅಪರೂಪ.

ಎಚ್‌ಟಿಟಿಪಿ ನಿಯಮ ಎಂದರೇನು ಎಂದು ನೋಡಲು ಸ್ವಲ್ಪ ವ್ಯಾಕರಣದ ಕಡೆ ಹೊರಳಬೇಕು. ಇಂಗ್ಲಿಷಿನಲ್ಲಿ ಅಲ್ಲಗಳೆಯಲು ಬಹುತೇಕ ಒಂದೇ ಪದ ಸಾಕಾಗುತ್ತದೆ. ಕನ್ನಡಕ್ಕೆ ಅದು ಸಾಲದು. ಇಲ್ಲ, ಅಲ್ಲ, ಬೇಡ, ಕೂಡದು, ಆಗದು, ಒಲ್ಲೆ, ಅರಿಯೆ, ಕಾಣೆ ಎಂಬ ಒಂದೊಂದಕ್ಕೂ ಬೇರೆ ಬೇರೆ ಮನಸ್ಸಿದೆ. ‘ಇಲ್ಲ’ ಇರವನ್ನು ತಳ್ಳಿಹಾಕುತ್ತದೆ, ‘ಅಲ್ಲ’ ಗುರುತನ್ನು. ‘ಕೂಡದು’ ತಡೆಯುತ್ತದೆ. ‘ಕಾಣೆ’ ಮಾತ್ರ ವಸ್ತುವಿನ ಬಗ್ಗೆ ಏನೂ ಹೇಳದೆ, ಹೇಳುವವನ ಕಣ್ಣಿಗೆ ಬೀಳಲಿಲ್ಲ ಎನ್ನುತ್ತದೆ. ವೆಬ್ಬಿನ ಸರ್ವರುಗಳು ಮೂರಂಕಿಯಲ್ಲಿ ಕೊಡುವ ಉತ್ತರಗಳಲ್ಲೂ ಈ ಭೇದಗಳೇ ಇವೆ. 403 ಎಂದರೆ ‘ಕೂಡದು’. 410 ಎಂದರೆ ‘ಇತ್ತು, ಈಗ ಇಲ್ಲವಾಯಿತು, ಇನ್ನು ಬಾರದು’. 503 ಎಂದರೆ ‘ಈಗಾಗದು, ಆಮೇಲೆ ಬಾ’. ಎಷ್ಟು ಹೊತ್ತು ಬಿಟ್ಟು ಬರಬೇಕೆಂದು ಅದರ ಜೊತೆಗೆ ಸೂಚಿಸಲೂಬಹುದು. 400 ಎಂದರೆ ‘ನೀ ಕೇಳಿದ್ದೇ ಸರಿಯಿಲ್ಲ’. ಇವೆಲ್ಲದರ ನಡುವೆ ಲೋಕಪ್ರಸಿದ್ಧವಾದ 404 ಒಂದು ಅಪ್ಪಟ ‘ಕಾಣೆ’. ಆ ಪುಟ ಎಂದೂ ಇರಲಿಲ್ಲವೋ, ಹೋಯಿತೋ, ಇನ್ನೈದು ನಿಮಿಷದಲ್ಲಿ ಬರುತ್ತದೋ, ಅದು ಒಂದನ್ನೂ ಹೇಳುವುದಿಲ್ಲ. ಬ್ರೌಸರುಗಳ ಕನ್ನಡ ಅವತರಣಿಕೆಗಳಲ್ಲಿ ಅದನ್ನು ‘ಕಂಡುಬಂದಿಲ್ಲ’ ಎನ್ನುತ್ತಾರೆ. ತಪ್ಪಿಲ್ಲ, ಆದರೆ ‘ಕಾಣೆ’ಯ ನಮ್ರತೆ ಅದರಲ್ಲಿಲ್ಲ.

ನಿಯಮ ಬರೆದವರಿಗೂ ಈ ಭೇದ ಹೊಳೆದಿತ್ತು. 1999ರ ಜೂನಿನಲ್ಲಿ ಬಂದ ಎಚ್‌ಟಿಟಿಪಿ ನಿಯಮದ ಪ್ರಕಾರ, ತಾಣದ ಒಡೆಯ ಆಯುಷ್ಯವನ್ನು ಪ್ರತ್ಯೇಕವಾಗಿ ಹೇಳದಿದ್ದಾಗ ಕ್ಯಾಶ್ ತಾನಾಗಿ ನೆನಪಿಟ್ಟುಕೊಳ್ಳಬಹುದಾದ ಸೋಲು ಒಂದೇ ಒಂದು, 410. ‘ಇಲ್ಲವಾಯಿತು’ ಎಂದು ಖಚಿತವಾಗಿ ಹೇಳಿದ್ದನ್ನಷ್ಟೇ ನಂಬು, ‘ಕಾಣೆ’ ಎಂದದ್ದನ್ನು ಪ್ರತಿಸಲ ಹೋಗಿ ಕೇಳು ಎಂಬ ವಿಚಾರ. ಓದಲು ಎಷ್ಟು ಸೊಗಸು! ಆದರೆ 410 ಎಂದು ಕಳಿಸುವಷ್ಟು ವ್ಯವಧಾನ ಯಾವ ತಾಣಕ್ಕಿದೆ? ಪುಟ ಅಳಿಸಿದವರು ಅಳಿಸಿ ಮುಂದೆ ಹೋಗುತ್ತಾರೆ. ಸರ್ವರು ತಾನಾಗಿ 404 ಎನ್ನುತ್ತದೆ. ಲೋಕದ ಇಲ್ಲಗಳೆಲ್ಲ 404ರಲ್ಲೇ ಇದ್ದವು, ನಿಯಮ ಮಾತ್ರ 410ನ್ನು ಹಿಡಿದು ಕೂತಿತ್ತು. ಹದಿನೈದು ವರ್ಷದ ನಂತರ, 2014ರ ಜೂನಿನಲ್ಲಿ ನಿಯಮವನ್ನು ಮತ್ತೆ ಬರೆದಾಗ 404ನ್ನು ಪಟ್ಟಿಗೆ ಸೇರಿಸಿದರು. 405, 414, 501 ಕೂಡ ಒಳಗೆ ಬಂದವು. 503 ಹೊರಗೇ ಉಳಿಯಿತು, 400 ಕೂಡ. 2022ರ ಪರಿಷ್ಕರಣೆಯಲ್ಲೂ ಅದೇ ಸ್ಥಿತಿ.

ಇನ್ನು ಮುಲುಂಡಿಗೆ ಬರೋಣ. ಮುಂಬಯಿ ಇಲ್ಲಿಗೆ ಮುಗಿಯುತ್ತದೆ, ಆಚೆಗೆ ಠಾಣೆ. ಹಿಂದೆ ಆಗ್ರಾ ರೋಡ್ ಎನಿಸಿಕೊಂಡಿದ್ದ ಎಲ್‌ಬಿಎಸ್ ಮಾರ್ಗದಲ್ಲಿ ಸರಕು ತುಂಬಿ ಬಂದ ಲಾರಿಗಳು ಮುಲುಂಡ್ ಚೆಕ್ ನಾಕಾದಲ್ಲಿ ನಿಂತು ಪಾಲಿಕೆಗೆ ಜಕಾತ್ ಕಟ್ಟಿ ಒಳಗೆ ಬರಬೇಕಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಆ ಸುಂಕ ಹೋಯಿತು, ನಾಕಾದ ಹೆಸರು ಬಸ್ಸಿನ ಬೋರ್ಡಿನಲ್ಲಿ ಉಳಿಯಿತು. ಪ್ರತಿ ಲಾರಿಯನ್ನೂ ಪಾಲಿಕೆಯ ಕೇಂದ್ರ ಕಚೇರಿಯವರೆಗೆ ಕರೆಸಿ ವಿಚಾರಿಸಲು ಆಗುತ್ತದೆಯೇ? ಗಡಿಯಲ್ಲೇ ಒಬ್ಬ ಗುಮಾಸ್ತ, ಅವನ ಕೈಯಲ್ಲಿ ಒಂದು ಪಟ್ಟಿ. ಕಂಟೆಂಟ್ ಡೆಲಿವರಿ ನೆಟ್‌ವರ್ಕ್, ಅಂದರೆ ಸಿಡಿಎನ್, ಮಾಡುವುದೂ ಇದನ್ನೇ. ಮೂಲ ಸರ್ವರು ಎಲ್ಲೋ ಇರುತ್ತದೆ. ಊರೂರಿನ ಗಡಿಯಲ್ಲಿ ಸಿಡಿಎನ್ನಿನ ಸರ್ವರುಗಳು ಪುಟಗಳ ಪ್ರತಿ ಇಟ್ಟುಕೊಂಡು ಕೂತಿರುತ್ತವೆ. ಇವಕ್ಕೆ ಎಡ್ಜ್, ಅಂಚಿನ ಸರ್ವರುಗಳು ಎಂದೇ ಹೆಸರು.

1998ರಲ್ಲಿ ಅಮೆರಿಕದ ಎಂಐಟಿಯ ಗಣಿತಜ್ಞ ಟಾಮ್ ಲೇಟನ್ ಮತ್ತು ಅವರ ವಿದ್ಯಾರ್ಥಿ ಡೇನಿಯಲ್ ಲೆವಿನ್ ಸೇರಿ ಅಕಮೈ ಕಂಪನಿ ಕಟ್ಟಿದ್ದು ಈ ವ್ಯಾಪಾರದ ಆರಂಭದ ಘಟ್ಟಗಳಲ್ಲೊಂದು. ಮೂರು ವರ್ಷ ತುಂಬುವಷ್ಟರಲ್ಲಿ ಲೆವಿನ್ 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ, ಅಪಹರಣಕ್ಕೊಳಗಾದ ವಿಮಾನವೊಂದರಲ್ಲಿ ತೀರಿಕೊಂಡರು. ಅಮೆಜಾನ್ ತನ್ನ ಕ್ಲೌಡ್‌ಫ್ರಂಟ್ ಸೇವೆಯನ್ನು 2008ರಲ್ಲಿ ಶುರುಮಾಡಿ, 2013ರಲ್ಲಿ ಮುಂಬಯಿ ಮತ್ತು ಚೆನ್ನೈಗಳಲ್ಲಿ ಅಂಚಿನ ಸರ್ವರುಗಳನ್ನಿಟ್ಟಿತು. ಮುಂಬಯಿಯ ಪಶ್ಚಿಮ ದಂಡೆಗೆ ಸಮುದ್ರದಡಿಯ ಕೇಬಲ್ಲುಗಳು ಬಂದು ಸೇರುತ್ತವೆ. ಪೂರ್ವದಲ್ಲಿ ಮುಲುಂಡಿನಿಂದ ಸೇತುವೆ ದಾಟಿದರೆ ಐರೋಲಿ, ಅಲ್ಲಿಂದ ರಬಾಳೆ, ಮಹಾಪೆಯವರೆಗೆ, ಹಿಂದೆ ರಾಸಾಯನಿಕ ಕಾರ್ಖಾನೆಗಳಿದ್ದ ಪಟ್ಟಿಯಲ್ಲಿ, ಕಿಟಕಿಯಿಲ್ಲದ ದೊಡ್ಡ ದೊಡ್ಡ ಡೇಟಾ ಸೆಂಟರುಗಳು. ಮುಲುಂಡಿನ ಅನೇಕರ ಕೆಲಸ ಈ ಪಟ್ಟಿಯಲ್ಲಿದೆ.

ಇಂಥ ನಾಕಾದ ಗುಮಾಸ್ತನಿಗೆ ‘ಇಲ್ಲ’ ಎನ್ನಲು ಕಲಿಸುವಾಗ ಆಗುವ ಎಡವಟ್ಟಿಗೆ ಒಂದು ಉದಾಹರಣೆ ಊಹಿಸಿಕೊಳ್ಳಿ. ಹತ್ತನೆಯ ತರಗತಿಯ ಫಲಿತಾಂಶ ಮಧ್ಯಾಹ್ನ ಒಂದು ಗಂಟೆಗೆ. ಕೊಂಡಿ ಮೊದಲೇ ವಾಟ್ಸ್ಯಾಪಿನಲ್ಲಿ ಹರಿದಾಡಿದೆ. ಪುಟ ಇನ್ನೂ ಏರಿಲ್ಲ. ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿದ ಮುಲುಂಡಿನ ಹುಡುಗಿಯೊಬ್ಬಳು ತಡೆಯಲಾರದೆ 12.59ಕ್ಕೇ ಅದನ್ನು ಒತ್ತುತ್ತಾಳೆ. ಮುಂಬಯಿಯ ಅಂಚಿನ ಸರ್ವರು ಮೂಲಕ್ಕೆ ಹೋಗಿ ಕೇಳುತ್ತದೆ, 404 ಬರುತ್ತದೆ, ಐದು ನಿಮಿಷಕ್ಕೆಂದು ನೆನಪಿಟ್ಟುಕೊಳ್ಳುತ್ತದೆ. ಒಂದು ಗಂಟೆಗೆ ಸರಿಯಾಗಿ ಪುಟ ಏರುತ್ತದೆ. ಹುಡುಗಿ ರಿಫ್ರೆಶ್ ಒತ್ತುತ್ತಾಳೆ, ಕಾಣೆ. ಮತ್ತೆ ಒತ್ತುತ್ತಾಳೆ, ಕಾಣೆ. ಅವಳ ಪ್ರಶ್ನೆ ಮೂಲದವರೆಗೆ ಹೋಗುತ್ತಲೇ ಇಲ್ಲ. ಅವಳಷ್ಟೇ ಅಲ್ಲ, ಆ ಐದು ನಿಮಿಷ ಆ ನಾಕಾದ ಮೂಲಕ ಬಂದ ಯಾರಿಗೂ ಅದೇ ಉತ್ತರ. ಚೆನ್ನೈಯಲ್ಲಿ ಕೆಲಸದಲ್ಲಿರುವ ಅವಳ ಅಣ್ಣ 1.01ಕ್ಕೆ ಮೊದಲ ಸಲ ಒತ್ತುತ್ತಾನೆ. ಅಲ್ಲಿನ ಗುಮಾಸ್ತನ ಪಟ್ಟಿಯಲ್ಲಿ ಈ ‘ಕಾಣೆ’ ಇಲ್ಲದ್ದರಿಂದ ಅವನಿಗೆ ಪುಟ ತೆರೆಯುತ್ತದೆ. ‘ಬಂದಿದೆಯಲ್ಲ, ಸರಿಯಾಗಿ ನೋಡು’ ಎಂದು ಫೋನಿನಲ್ಲಿ ಅವನು, ‘ನೋಡ್ತಾನೇ ಇದೀನಿ’ ಎಂದು ಅಳುಮೋರೆಯ ಅವಳು. ಇಬ್ಬರೂ ಹೇಳುವುದು ನಿಜ.

ಇದಕ್ಕೆ ಮದ್ದು ದೊಡ್ಡದೇನಲ್ಲ. 404ರ ಆಯುಷ್ಯವನ್ನು ಕೆಲವೇ ಸೆಕೆಂಡಿಗೆ ಇಳಿಸಬೇಕು. ಅದಕ್ಕಿಂತ ಒಳ್ಳೆಯದು, ‘ಫಲಿತಾಂಶ ಒಂದು ಗಂಟೆಗೆ’ ಎಂದು ಬರೆದ ಪುಟವನ್ನು ಬೆಳಗ್ಗೆಯೇ ಅದೇ ವಿಳಾಸದಲ್ಲಿ ಏರಿಸಿ, ಅದಕ್ಕೆ ಹತ್ತು ಸೆಕೆಂಡಿನ ಆಯುಷ್ಯ ಕೊಡುವುದು. ಆಗ ಯಾರೂ ಯಾರಿಗೂ ಇಲ್ಲ ಎನ್ನಬೇಕಾಗಿಯೇ ಬರುವುದಿಲ್ಲ. ಬೇರೆ ಬೇರೆ ಸಿಡಿಎನ್‌ಗಳು ಬೇರೆ ಬೇರೆ ಅಂಕಿಗಳನ್ನು ಹಿಡಿದಿವೆ. ಕ್ಲೌಡ್‌ಫ್ರಂಟ್ ಬಹುಕಾಲ ಸೋಲುಗಳನ್ನು ಐದು ನಿಮಿಷ ಇಟ್ಟುಕೊಳ್ಳುತ್ತಿತ್ತು, ಆಮೇಲೆ ಹತ್ತು ಸೆಕೆಂಡಿಗೆ ಇಳಿಸಿತು. ಅಕಮೈಯದೂ ಹತ್ತು ಸೆಕೆಂಡು, ಮತ್ತು ನಿಯಮದ ಪಟ್ಟಿಯಲ್ಲಿಲ್ಲದ 502, 503, 504ಗಳನ್ನೂ ಅದು ಸೇರಿಸಿಕೊಳ್ಳುತ್ತದೆ. ಕ್ಲೌಡ್‌ಫ್ಲೇರ್ 404ಕ್ಕೆ ಮೂರು ನಿಮಿಷ ಕೊಡುತ್ತದೆ. ಇವೆಲ್ಲ ಯಾರೂ ಏನೂ ಹೇಳದಿದ್ದಾಗಿನ ಮಾತು. ತಾಣ ನಡೆಸುವವರು ಒಂದೊಂದು ಅಂಕಿಗೂ ಪ್ರತ್ಯೇಕ ಆಯುಷ್ಯ ಬರೆದುಕೊಡಬಹುದು. ಬರೆಯದೆ ಬಿಟ್ಟವರೇ ಹೆಚ್ಚು, ತೊಂದರೆ ಬಂದ ದಿನ ಕಡತ ಹುಡುಕುವವರೂ ಅವರೇ.

ಹಾಗಿದ್ದರೆ ಆಯುಷ್ಯವನ್ನು ಸೊನ್ನೆ ಮಾಡಿಬಿಟ್ಟರೆ? ಅದಕ್ಕೆ ಮುಂಬಯಿಯದೇ ಒಂದು ದಿನ ನೆನಪಿಸಿಕೊಳ್ಳಬಹುದು. 2019ರ ಜುಲೈ 10. ವಿಶ್ವಕಪ್ ಸೆಮಿಫೈನಲ್, ಮ್ಯಾಂಚೆಸ್ಟರಿನಲ್ಲಿ ಭಾರತ ಮತ್ತು ನ್ಯೂಜಿಲೆಂಡ್. ಮುಂಬಯಿಯ ಸ್ಟಾರ್ ಇಂಡಿಯಾದ ಹಾಟ್‌ಸ್ಟಾರ್‌ನಲ್ಲಿ ಒಂದೇ ಕ್ಷಣದಲ್ಲಿ 2.53 ಕೋಟಿ ಜನ ನೋಡುತ್ತಿದ್ದರು, ಆ ಹೊತ್ತಿಗೆ ಅದು ಜಾಗತಿಕ ದಾಖಲೆ. ಗಪ್ಟಿಲ್ ಎಸೆದ ಚೆಂಡು ನೇರ ವಿಕೆಟ್ಟಿಗೆ ಬಡಿದು ಧೋನಿ ರನೌಟಾದರು. ಜನ ಬ್ಯಾಕ್ ಗುಂಡಿ ಒತ್ತಿದರು. ಕಂಪನಿಯ ಎಂಜಿನಿಯರುಗಳು ಆಮೇಲೆ ಸಾರ್ವಜನಿಕವಾಗಿ ವಿವರಿಸಿದಂತೆ, ಅವರ ಭಯ ಜನ ಏರುವುದರಲ್ಲಷ್ಟೇ ಇರಲಿಲ್ಲ, ಇಳಿಯುವುದರಲ್ಲೂ ಇತ್ತು. ಪಂದ್ಯದ ವಿಡಿಯೊ ಎಲ್ಲರಿಗೂ ಒಂದೇ, ಅಂಚಿನಲ್ಲಿ ಪ್ರತಿ ಇಟ್ಟು ಹಂಚಬಹುದು. ಬ್ಯಾಕ್ ಒತ್ತಿದವರು ಬಂದು ಬೀಳುವ ಮುಖಪುಟ ಒಬ್ಬೊಬ್ಬರಿಗೂ ಬೇರೆ, ಅದನ್ನು ಒಳಗಿನ ಸರ್ವರುಗಳೇ ತಯಾರಿಸಬೇಕು. ಅದಕ್ಕೇ ದೊಡ್ಡ ಪಂದ್ಯದ ದಿನ ಅಗತ್ಯವಲ್ಲದ ಸೇವೆಗಳನ್ನು ನಿಲ್ಲಿಸಿ, ಎಲ್ಲರಿಗೂ ಒಂದೇ ಸರಳ ಪುಟ ತೋರಿಸುವ ಏರ್ಪಾಡು ಅವರಲ್ಲಿತ್ತು.

ಅಂಥ ಏರ್ಪಾಡಿಲ್ಲದ ತಾಣದ ಗತಿಯನ್ನು ಲೆಕ್ಕ ಹಾಕಿ ನೋಡೋಣ. ಒಳಗಿನ ಸರ್ವರು ಸೋತು 503 ಎನ್ನುತ್ತಿದೆ. ಒಂದು ಲಕ್ಷ ಜನ ಎರಡು ಸೆಕೆಂಡಿಗೊಮ್ಮೆ ರಿಫ್ರೆಶ್ ಒತ್ತುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಹತ್ತು ಸೆಕೆಂಡಿಗೆ ಐದು ಲಕ್ಷ ಪ್ರಶ್ನೆಗಳು. ಅಂಚಿನ ಸರ್ವರು ‘ಈಗಾಗದು’ ಎಂಬುದನ್ನು ನೆನಪಿಟ್ಟುಕೊಳ್ಳದಿದ್ದರೆ ಐದು ಲಕ್ಷವೂ ಆಗಲೇ ನೆಲಕಚ್ಚಿರುವ ಸರ್ವರಿನ ಮೇಲೆ ಬೀಳುತ್ತವೆ, ಏಳಲು ಹೊರಟದ್ದು ಮತ್ತೆ ಬೀಳುತ್ತದೆ. ಹತ್ತು ಸೆಕೆಂಡು ನೆನಪಿಟ್ಟುಕೊಂಡರೆ ಆ ಅಂಚಿನಿಂದ ಹೋಗುವುದು ಒಂದೋ ಎರಡೋ ಪ್ರಶ್ನೆ. ಭಟ್ಟರಿಗೆ ಬಾಣಲೆಯ ಕಡೆ ನೋಡಲು ಪುರುಸೊತ್ತು ಸಿಗುತ್ತದೆ.

ಮೂರನೆಯ ದಾರಿಯೂ ಇದೆ. 2010ರಲ್ಲಿ ಮಾರ್ಕ್ ನಾಟಿಂಗ್‌ಹ್ಯಾಮ್ ಬರೆದ ಆರ್‌ಎಫ್‌ಸಿ 5861, ಮೂಲ ಸರ್ವರು ಸೋತರೆ ಅವಧಿ ಮೀರಿದ ಹಳೆಯ ಪ್ರತಿಯನ್ನೇ ಕೊಡಲು ಅಂಚಿಗೆ ಅನುಮತಿ ಕೊಡುವ ಸೂಚನೆಯೊಂದನ್ನು ಸೇರಿಸಿತು. ‘ಬಜೆ ಇಲ್ಲ, ಬೆಳಗಿನ ಬನ್ಸ್ ಉಂಟು, ಕೊಡ್ಲಾ’ ಎನ್ನುವ ಮಾಣಿಯ ಜಾಣ್ಮೆ. ಸುದ್ದಿಯ ತಾಣಕ್ಕೆ ಇದು ಒಪ್ಪುತ್ತದೆ. ಬ್ಯಾಂಕಿನ ಬಾಕಿ ತೋರಿಸುವ ಪುಟಕ್ಕೆ ಖಂಡಿತ ಒಪ್ಪುವುದಿಲ್ಲ.

‘ಇಲ್ಲ’ವನ್ನು ನೆನಪಿಡುವ ಈ ಉಪಕಾರವನ್ನೇ ಆಯುಧ ಮಾಡಿಕೊಳ್ಳಬಹುದೆಂದು 2019ರಲ್ಲೇ ಬಯಲಾಯಿತು. ಜರ್ಮನಿಯ ಹೋಯ್ ವಿಯೆಟ್ ಎನ್‌ಗುಯೆನ್, ಲುಯಿಜಿ ಲೊ ಯಾಕೊನೊ, ಹನ್ನೆಸ್ ಫೆಡೆರಾತ್ ಎಂಬ ಸಂಶೋಧಕರು ಒಂದು ದಾಳಿಯ ವಿಧಾನವನ್ನು ವಿವರಿಸಿದರು. ಬ್ರೌಸರು ಕಳಿಸುವ ಪ್ರತಿ ಪ್ರಶ್ನೆಯ ಜೊತೆಗೂ ಹೆಡರ್ ಎಂಬ ಕೆಲವು ಸಾಲುಗಳು ಹೋಗುತ್ತವೆ. ಮೂಲ ಸರ್ವರು ಒಪ್ಪುವುದಕ್ಕಿಂತ ಉದ್ದವಾದ, ಆದರೆ ಅಂಚಿನ ಸರ್ವರು ಸಹಿಸುವಷ್ಟೇ ಉದ್ದದ ಹೆಡರನ್ನು ದಾಳಿಕೋರ ಕಳಿಸುತ್ತಾನೆ. ಉದಾಹರಣೆಗೆ ಅಪಾಚೆ ಸರ್ವರಿನ ರೂಢಿಯ ಮಿತಿ ಒಂದು ಹೆಡರಿಗೆ 8190 ಬೈಟ್, ಕೆಲವು ಸಿಡಿಎನ್‌ಗಳದು ಅದಕ್ಕಿಂತ ಬಹಳ ಹೆಚ್ಚು. ಅಂಚು ಅದನ್ನು ಒಳಗೆ ದಾಟಿಸುತ್ತದೆ. ಮೂಲ ‘ನೀ ಕೇಳಿದ್ದೇ ಸರಿಯಿಲ್ಲ’ ಎಂದು 400 ಕೊಡುತ್ತದೆ. ಅಂಚು ಆ ಉತ್ತರವನ್ನು ಪುಟದ ವಿಳಾಸದ ಹೆಸರಿನಲ್ಲಿ ಜೋಡಿಸಿಡುತ್ತದೆ. ಯಾವ ಹೆಡರಿಗೆ ಆ ಉತ್ತರ ಬಂತೆಂಬುದು ಪಟ್ಟಿಯಲ್ಲಿರುವುದಿಲ್ಲ. ಮುಂದೆ ಸರಿಯಾಗಿ ಕೇಳಿದವರಿಗೂ ಅದೇ 400. ಒಬ್ಬ ಗಿರಾಕಿ ಬೇಕೆಂದೇ ಒರಟಾಗಿ ಕೇಳಿ ಬೈಸಿಕೊಂಡರೆ, ಆ ಬೈಗುಳ ಹೋಟೆಲಿಗೆ ಬಂದವರೆಲ್ಲರ ಪಾಲಿಗೆ. ದೊಡ್ಡ ಸೈನ್ಯ ಬೇಡ, ಆಗಾಗ ಒಂದು ಪ್ರಶ್ನೆ ಕಳಿಸುತ್ತಿದ್ದರೆ ಸಾಕು, ತಾಣ ಲೋಕಕ್ಕೆ ಮುಚ್ಚಿಹೋಗುತ್ತದೆ.

400ನ್ನು ತಾನಾಗಿ ನೆನಪಿಟ್ಟುಕೊಳ್ಳುವ ಅನುಮತಿ 1999ರ ನಿಯಮದಲ್ಲೂ ಇರಲಿಲ್ಲ, 2014ರದರಲ್ಲೂ ಇರಲಿಲ್ಲ. ವ್ಯವಸ್ಥೆಗಳು ನಿಯಮದ ಆ ಸೂಕ್ಷ್ಮವನ್ನು ದಾಟಿ ಎಲ್ಲ ಸೋಲುಗಳನ್ನೂ ಒಂದೇ ಚೀಲಕ್ಕೆ ಹಾಕಿದ್ದವು. ಈ ಸಂಶೋಧನೆಯ ನಂತರ ಅಮೆಜಾನ್ 400ನ್ನು ತಾನಾಗಿ ಇಟ್ಟುಕೊಳ್ಳುವುದನ್ನು ಬಿಟ್ಟಿತು. ಕೇಳಿದವನ ತಪ್ಪಿಗೆ ಬಂದ ಉತ್ತರ ಕೇಳಿದವನಿಗಷ್ಟೇ ಸೇರಬೇಕು ಎಂಬ ಸಾಮಾನ್ಯ ತಿಳಿವಳಿಕೆ ಯಂತ್ರಕ್ಕೆ ಬರಲು ಇಷ್ಟು ಕಾಲ ಹಿಡಿದದ್ದು ವಿಚಿತ್ರವೇ.

ಇನ್ನು ಬಾಕಿ ಉಳಿದಿರುವುದು 1998ರಲ್ಲಿ ಸಡಿಲ ಬಿಟ್ಟ ಆ ಗಂಟು, ಬಾಗಿಲು ಬಡಿದರೂ ಓಗೊಡದ ಮನೆಯದು. 2021ರ ಅಕ್ಟೋಬರ್ 4, ಸೋಮವಾರ. ರಾತ್ರಿ ಒಂಬತ್ತು ದಾಟಿದ್ದೇ ಮುಲುಂಡಿನಲ್ಲೂ, ಉಡುಪಿಯಲ್ಲೂ, ದುಬೈಯಲ್ಲೂ ವಾಟ್ಸ್ಯಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಒಟ್ಟಿಗೆ ನಿಂತವು. ಊರಿನ ಅಮ್ಮನಿಗೆ ಗುಡ್ ನೈಟ್ ಕಳಿಸಿದವರು ಒಂದೇ ಗೀಟು ನೋಡುತ್ತ ಕೂತರು. ರಿಪೇರಿಯ ಹೊತ್ತಿನಲ್ಲಿ ಕೊಟ್ಟ ಒಂದು ಆದೇಶದಿಂದ ಫೇಸ್‌ಬುಕ್ಕಿನ ಬೆನ್ನೆಲುಬಾದ ಜಾಲ ಕಡಿದುಹೋಯಿತು. ಅದರ ಡಿಎನ್‌ಎಸ್ ಸರ್ವರುಗಳು ತಮ್ಮ ದಾರಿಗಳನ್ನು ತಾವೇ ಹಿಂದೆಗೆದುಕೊಂಡವು. ಹೆಸರುಗಳು ಇದ್ದವು, ಒಡೆಯನೂ ಇದ್ದ, ಉತ್ತರ ಹೇಳಲು ಮಾತ್ರ ಯಾರೂ ಇರಲಿಲ್ಲ. ಅದು ‘ಇಲ್ಲ’ ಅಲ್ಲ. ಆದ್ದರಿಂದ ‘ಇಲ್ಲ’ವನ್ನು ನೆನಪಿಡಲೇಬೇಕೆಂಬ ನಿಯಮ ಇದಕ್ಕೆ ಅನ್ವಯಿಸುತ್ತಿರಲಿಲ್ಲ.

ಲೋಕದ ಡಿಎನ್‌ಎಸ್ ಯಂತ್ರಗಳು ಕೇಳಿದವು, ಉತ್ತರ ಬರಲಿಲ್ಲ, ಮರೆತವು, ಮತ್ತೆ ಕೇಳಿದವು. ಡಾಟ್ ಕಾಮ್ ಮತ್ತು ಡಾಟ್ ನೆಟ್ ಹೆಸರುಗಳ ಮೇಲಿನ ಹಂತದ ಸರ್ವರುಗಳನ್ನು ನಡೆಸುವ ವೆರಿಸೈನ್ ಕಂಪನಿ ಆ ರಾತ್ರಿಯನ್ನು ಎಣಿಸಿ ನೋಡಿತು. ಈ ಕೆಲವು ಹೆಸರುಗಳಿಗಾಗಿ ಸಾಮಾನ್ಯವಾಗಿ ಸೆಕೆಂಡಿಗೆ ಏಳು ಸಾವಿರ ಪ್ರಶ್ನೆ ಬರುತ್ತಿದ್ದಲ್ಲಿ ಒಂಬತ್ತು ಲಕ್ಷ ಬಂದಿದ್ದವು. ಮಂಗಳವಾರ ನಸುಕಿನ ಮೂರರ ಸುಮಾರಿಗೆ ಸೇವೆಗಳು ಮರಳತೊಡಗಿದವು.

ಈ ಎಣಿಕೆಯನ್ನು ಎದುರಿಗಿಟ್ಟುಕೊಂಡು ವೆರಿಸೈನ್‌ನ ಮೂವರು ಬರೆದ ಆರ್‌ಎಫ್‌ಸಿ 9520, 2023ರ ಡಿಸೆಂಬರಿನಲ್ಲಿ ಹೊರಬಂತು. 1998ರ ‘ಬಹುದು’ ಅಲ್ಲಿ ‘ಲೇಬೇಕು’ ಆಯಿತು. ಉತ್ತರ ಬಾರದಿರುವುದನ್ನೂ ನೆನಪಿಟ್ಟುಕೊಳ್ಳಲೇಬೇಕು. ಕಡಿಮೆಯೆಂದರೆ ಒಂದು ಸೆಕೆಂಡು, ಸೋಲು ಮುಂದುವರಿದರೆ ನೆನಪಿಡುವ ಅವಧಿಯನ್ನು ಹೆಚ್ಚಿಸುತ್ತ ಹೋಗಬೇಕು, ಐದು ನಿಮಿಷ ಮಾತ್ರ ಮೀರಬಾರದು. ಬರೆದ ಮೂವರಲ್ಲಿ ಮೊದಲ ಹೆಸರು ಡ್ವೇನ್ ವೆಸೆಲ್ಸ್. ಕಾಲು ಶತಮಾನದ ಹಿಂದೆ, ಕಡತದಲ್ಲಿ ‘ಇಲ್ಲ’ಗಳಿಗೆಂದು ಐದು ನಿಮಿಷ ಇಟ್ಟಿದ್ದ ಆ ಸ್ಕ್ವಿಡ್ಡನ್ನು ಬೆಳೆಸಿದವರು ಅವರೇ.